ಲ್ಯಾಪ್‌ಟಾಪಿನ ಮೆಮೊರಿ ಮತ್ತು ಗ್ರಾಫಿಕ್ಸ್ ಸಾಮರ್ಥ್ಯ ಹೆಚ್ಚಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪ್ ನಿಧಾನವಾದರೆ ಮೆಮೊರಿ (ರ‍್ಯಾಮ್) ಹೆಚ್ಚಿಸಿ, ಆಟ ಅಥವಾ ವಿಡಿಯೊ ಸಂಕಲನ ತಡವರಿಸಿದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಮಟ್ಟಿಗೆ ಅದು ಸರಿಯೇ. ಲ್ಯಾಪ್‌ಟಾಪಿನಲ್ಲಿ ಮಾತ್ರ ಲೆಕ್ಕ ಬೇರೆ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಒಂದೋ ಪ್ರೊಸೆಸರಿನ ಒಳಗೇ ಇರುತ್ತದೆ, ಇಲ್ಲವೇ ಮದರ್‌ಬೋರ್ಡಿಗೆ ಬೆಸುಗೆಯಾಗಿರುತ್ತದೆ. ಅದನ್ನು ತೆಗೆದು ಬೇರೊಂದನ್ನು ಕೂರಿಸಲು ದಾರಿಯಿಲ್ಲ. ಆದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲವಾದ್ದರಿಂದ ಅದು ಯಂತ್ರದ ಮುಖ್ಯ ಮೆಮೊರಿಯನ್ನೇ ಹಂಚಿಕೊಂಡು ಕೆಲಸ ಮಾಡುತ್ತದೆ. ಹೀಗಾಗಿ ಮೆಮೊರಿಯನ್ನು ಅರಿತು ಬದಲಿಸಿದವರಿಗೆ ಗ್ರಾಫಿಕ್ಸ್ ಸುಧಾರಣೆಯೂ ಅದರ ಜೊತೆಗೇ ದಕ್ಕುತ್ತದೆ. ಈ ಮಾರ್ಗದರ್ಶಿಯ ಕ್ರಮವೂ ಅದೇ: ಮೊದಲು ಮೆಮೊರಿ, ಅನಂತರ ಈಗಿರುವ ಗ್ರಾಫಿಕ್ಸ್ ಚಿಪ್‌ನಿಂದ ಪೂರ್ತಿ ಕೆಲಸ ತೆಗೆಯುವುದು, ಅದೂ ಸಾಲದಾದಾಗ ಹೊರಗಿನ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಗ್ರಾಫಿಕ್ಸ್ ಮಾಡ್ಯೂಲನ್ನೇ ಬದಲಿಸಬಲ್ಲ ಕೆಲವೇ ಕೆಲವು ಯಂತ್ರಗಳ ವಿಚಾರ.

ಕೊಳ್ಳುವ ಮುಂಚೆ: ಯಂತ್ರದಲ್ಲಿ ಏನಿದೆ, ಏನು ಸಾಲದು

ಯಾವುದೇ ಬಿಡಿಭಾಗ ಕೊಳ್ಳುವ ಮುಂಚೆ ಕೊರತೆ ನಿಜವಾಗಿ ಮೆಮೊರಿಯದ್ದೇ ಎಂದು ಖಚಿತ ಮಾಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ನಿಮ್ಮ ದಿನನಿತ್ಯದ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಮ್ಮೆಲೇ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿದಾಗ ಕೆಳಗಡೆ ಕಮಿಟೆಡ್ ಎಂಬ ಹೆಸರಿನಡಿ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ತಂತ್ರಾಂಶಗಳಿಗೆ ವ್ಯವಸ್ಥೆ ಕೊಡುತ್ತೇನೆಂದು ಒಪ್ಪಿಕೊಂಡಿರುವ ಒಟ್ಟು ಮೆಮೊರಿ. ಅದು ಯಂತ್ರದಲ್ಲಿರುವ ಮೆಮೊರಿಗಿಂತ ಬಹಳ ಹೆಚ್ಚಿದ್ದು, ಬಳಕೆಯ ರೇಖೆಯೂ ಸದಾ ಮೇಲಂಚಿನ ಹತ್ತಿರವೇ ಇದ್ದರೆ, ಕೆಲಸದ ಒಂದು ಭಾಗ, ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಪೇಜ್ ಫೈಲ್ ಎಂಬ ಕಡತಕ್ಕೆ ಸಾಗುತ್ತಿದೆ ಎಂದರ್ಥ. ಅತಿ ವೇಗದ ಎಸ್‌ಎಸ್‌ಡಿ ಕೂಡ ಮೆಮೊರಿಯ ವೇಗಕ್ಕೆ ಹತ್ತಿರ ಬರುವುದಿಲ್ಲ. ಇದಕ್ಕೆ ಬದಲು ಮೆಮೊರಿಯ ಅರ್ಧ ಭಾಗ ಖಾಲಿಯೇ ಇದ್ದು ಯಂತ್ರ ನಿಧಾನವಾಗಿದ್ದರೆ, ತೊಂದರೆ ಹಳೆಯ ಹಾರ್ಡ್ ಡಿಸ್ಕ್‌ನದ್ದೋ ಶಾಖದ್ದೋ ಆಗಿರಬಹುದು. ಆಗ ಮೆಮೊರಿಗೆ ಹಾಕಿದ ಹಣದಿಂದ ಏನೂ ಪ್ರಯೋಜನವಾಗದು.

ಅದೇ ಪುಟದಲ್ಲಿ ಮೆಮೊರಿಯ ವೇಗ, ಬಳಕೆಯಲ್ಲಿರುವ ಸ್ಲಾಟ್‌ಗಳ ಸಂಖ್ಯೆ ಮತ್ತು ಫಾರ್ಮ್ ಫ್ಯಾಕ್ಟರ್ ಎಂಬ ವಿವರವೂ ಇರುತ್ತದೆ. ಅಲ್ಲಿ ಎಸ್‌ಒ-ಡಿಮ್ ಎಂದಿದ್ದರೆ ಬದಲಿಸಬಹುದಾದ ಮಾಡ್ಯೂಲ್ ಇದೆ. ರೋ ಆಫ್ ಚಿಪ್ಸ್ ಎಂದಿದ್ದರೆ ಮೆಮೊರಿಯನ್ನು ಬೋರ್ಡಿಗೇ ಬೆಸೆಯಲಾಗಿದೆ. ಸ್ಲಾಟ್‌ಗಳ ಸಂಖ್ಯೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಬೆಸೆದ ಮೆಮೊರಿಯನ್ನೂ ಅದು ಸ್ಲಾಟ್ ಎಂದೇ ಎಣಿಸುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಎಸ್‌ಪಿಡಿ ಪುಟ ಪ್ರತಿ ಮಾಡ್ಯೂಲಿನ ತಯಾರಕರು, ಸಾಮರ್ಥ್ಯ ಮತ್ತು ವೇಗವನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಲಿನಕ್ಸ್ ಬಳಸುವವರಿಗೆ ಡಿಎಂಐಡಿಕೋಡ್ ಎಂಬ ಆದೇಶ ಇದೇ ಮಾಹಿತಿಯನ್ನು ಕೊಡುತ್ತದೆ.

ಇವೆಲ್ಲಕ್ಕಿಂತ ನಂಬಬಹುದಾದ ಆಧಾರ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್. ಡೆಲ್, ಎಚ್‌ಪಿ, ಲೆನೊವೊ ಮೊದಲಾದ ತಯಾರಕರು ಅದನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿರುತ್ತಾರೆ. ಯಾವ ತಿರುಪು ಎಲ್ಲಿದೆ, ಎಷ್ಟು ಉದ್ದವಿದೆ, ಬ್ಯಾಟರಿಯ ಕನೆಕ್ಟರ್ ಹೇಗೆ ಬಿಚ್ಚುತ್ತದೆ, ಗರಿಷ್ಠ ಎಷ್ಟು ಮೆಮೊರಿ ಹಿಡಿಸುತ್ತದೆ ಎಂಬುದೆಲ್ಲ ಚಿತ್ರಸಹಿತ ಅದರಲ್ಲಿರುತ್ತದೆ. ಲ್ಯಾಪ್‌ಟಾಪಿನ ಮಾರಾಟದ ಹೆಸರಿನಲ್ಲಿ ಹುಡುಕುವ ಬದಲು ತಳದಲ್ಲಿ ಅಚ್ಚಾಗಿರುವ ಪೂರ್ತಿ ಮಾದರಿ ಸಂಖ್ಯೆಯಲ್ಲಿ ಹುಡುಕಿ. ಒಂದೇ ಹೆಸರಿನ ಎರಡು ಯಂತ್ರಗಳ ಪೈಕಿ ಒಂದರಲ್ಲಿ ಸ್ಲಾಟ್ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ.

ಮೆಮೊರಿ ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್ ಬಗೆಯದ್ದಾಗಿದ್ದರೆ ಅದು ಬಹುತೇಕ ಬೆಸೆದದ್ದೇ ಆಗಿರುತ್ತದೆ. ಇದಕ್ಕೆ ಇತ್ತೀಚಿನ ಅಪವಾದವೆಂದರೆ ಎಲ್‌ಪಿಕ್ಯಾಮ್2 ಎಂಬ ಚಪ್ಪಟೆ ಮಾಡ್ಯೂಲ್. ಅದರ ಮಾನದಂಡವನ್ನು ಜೆಡೆಕ್ ಸಂಸ್ಥೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು, 2024ರ ಲೆನೊವೊ ಥಿಂಕ್‌ಪ್ಯಾಡ್ ಪಿ1 ಅದನ್ನು ಅಳವಡಿಸಿಕೊಂಡಿತು. ಅದನ್ನು ಸ್ಲಾಟಿಗೆ ತೂರಿಸುವುದಲ್ಲ, ಬೋರ್ಡಿನ ಮೇಲಿಟ್ಟು ತಿರುಪಿನಿಂದ ಬಿಗಿಯುವುದು. ಮೆಮೊರಿ ಪೂರ್ತಿ ಬೆಸೆದಿರುವ ಯಂತ್ರ ನಿಮ್ಮದಾಗಿದ್ದರೆ ಮುಂದಿನ ಮೂರು ಭಾಗಗಳನ್ನು ಬಿಟ್ಟು ಗ್ರಾಫಿಕ್ಸ್ ಭಾಗಕ್ಕೆ ಹೋಗಬಹುದು.

ಸರಿಯಾದ ಮೆಮೊರಿಯನ್ನು ಆರಿಸುವುದು

ಲ್ಯಾಪ್‌ಟಾಪ್ ಮಾಡ್ಯೂಲ್‌ಗೆ ಎಸ್‌ಒ-ಡಿಮ್ ಎಂದು ಹೆಸರು. ಡೆಸ್ಕ್‌ಟಾಪಿನದಕ್ಕೆ ಹೋಲಿಸಿದರೆ ಅದು ಸುಮಾರು ಅರ್ಧ ಉದ್ದವಿರುತ್ತದೆ. ಡಿಡಿಆರ್3 ಪೀಳಿಗೆಯದಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನಲ್ಲಿರುವ ಕಚ್ಚು ಪೀಳಿಗೆಯಿಂದ ಪೀಳಿಗೆಗೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದಿಲ್ಲ. ಪ್ರೊಸೆಸರ್ ಎರಡೂ ಪೀಳಿಗೆಗಳನ್ನು ಬೆಂಬಲಿಸಿದರೂ ನಿಮ್ಮ ಬೋರ್ಡಿನಲ್ಲಿರುವ ಸ್ಲಾಟ್ ಒಂದಕ್ಕೆ ಮಾತ್ರ ಹೊಂದುತ್ತದೆ.

ಕಚ್ಚು ಕಾಪಾಡದ ಒಂದು ಸಂದರ್ಭವಿದೆ, ಹಳೆಯ ಯಂತ್ರ ಉಳಿಸಿಕೊಂಡವರು ಅದನ್ನು ಗಮನಿಸಲೇಬೇಕು. ಡಿಡಿಆರ್3 ಮಾಡ್ಯೂಲ್ 1.5 ವೋಲ್ಟ್‌ನಲ್ಲಿ ಕೆಲಸ ಮಾಡಿದರೆ ಡಿಡಿಆರ್3ಎಲ್ 1.35 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಎರಡರ ಆಕಾರ, ಪಿನ್, ಕಚ್ಚು ಎಲ್ಲವೂ ಒಂದೇ. ಇಂಟೆಲ್‌ನ 4ನೇ ಪೀಳಿಗೆಯ ಕೋರ್ ಪ್ರೊಸೆಸರಿನಿಂದ ಮುಂದಕ್ಕೆ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಡಿಡಿಆರ್3ಎಲ್ ಅನ್ನೇ ಕೇಳುತ್ತವೆ. ಅಲ್ಲಿಗೆ 1.5 ವೋಲ್ಟ್‌ನ ಮಾಡ್ಯೂಲನ್ನು ಹಾಕಿದರೆ ಅದು ಚೆನ್ನಾಗಿಯೇ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ. ಹಳೆಯ ಮಾಡ್ಯೂಲಿನ ಚೀಟಿಯಲ್ಲಿ ಪಿಸಿ3ಎಲ್ ಎಂದಿದೆಯೋ ಬರೀ ಪಿಸಿ3 ಎಂದಿದೆಯೋ ಎಂದು ನೋಡಿದರೆ ಸಂಶಯ ತೀರುತ್ತದೆ. ಡಿಡಿಆರ್4ರ ಮಾನದಂಡ 1.2 ವೋಲ್ಟ್, ಡಿಡಿಆರ್5ರದ್ದು 1.1 ವೋಲ್ಟ್ ಇರುವುದರಿಂದ ಹೊಸ ಯಂತ್ರಗಳಲ್ಲಿ ಈ ಗೊಂದಲವಿಲ್ಲ.

ಚೀಟಿಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ 8ಜಿಬಿ 1ಆರ್×8 ಪಿಸಿ4-3200 ಎಂದು ಅಚ್ಚಾಗಿದ್ದರೆ, ಮೊದಲನೆಯದು ಸಾಮರ್ಥ್ಯ. 1ಆರ್ ಎಂದರೆ ಒಂದು ರ‍್ಯಾಂಕ್, ಅಂದರೆ ಪ್ರೊಸೆಸರ್ ಒಂದೇ ಗುಂಪಾಗಿ ಮಾತನಾಡಿಸುವ ಚಿಪ್‌ಗಳ ಸಮೂಹ. ×8 ಎಂಬುದು ಪ್ರತಿ ಚಿಪ್ ಒಮ್ಮೆಗೆ ಸಾಗಿಸುವ ಬಿಟ್‌ಗಳ ಸಂಖ್ಯೆ. ಪಿಸಿ4 ಎಂದರೆ ಡಿಡಿಆರ್4. 3200 ಎಂಬುದು ವೇಗ. ಕೆಲವು ತಯಾರಕರು ಇದೇ ವೇಗವನ್ನು ಪಿಸಿ4-25600 ಎಂದು ಬರೆಯುತ್ತಾರೆ, ಅದು ಸೆಕೆಂಡಿಗೆ ಸಾಗುವ ಮೆಗಾಬೈಟ್‌ಗಳ ಲೆಕ್ಕ. ವೇಗ ಹೆಚ್ಚಿರುವ ಮಾಡ್ಯೂಲನ್ನು ಕಡಿಮೆ ವೇಗದ ಯಂತ್ರಕ್ಕೆ ಹಾಕಿದರೆ ಅದು ಯಂತ್ರದ ವೇಗಕ್ಕೆ ಇಳಿದು ಓಡುತ್ತದೆ. ಎರಡು ಬೇರೆ ವೇಗದವು ಜೊತೆಯಾದರೆ ನಿಧಾನದ್ದರ ವೇಗವೇ ಎರಡಕ್ಕೂ ಅನ್ವಯವಾಗುತ್ತದೆ. ಇಸಿಸಿ (ದೋಷ ತಿದ್ದುವ ಮೆಮೊರಿ) ಎಂದು ಗುರುತಿರುವ ಮಾಡ್ಯೂಲ್‌ಗಳು ಕೆಲವು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗಳಿಗೆ ಮಾತ್ರ. ಉಳಿದವರು ಅವುಗಳ ಗೊಡವೆಗೆ ಹೋಗಬೇಕಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು: ಒಂದೇ ದೊಡ್ಡ ಮಾಡ್ಯೂಲಿಗಿಂತ ಸಮ ಸಾಮರ್ಥ್ಯದ ಎರಡು ಮಾಡ್ಯೂಲ್‌ಗಳು ಲೇಸು. ಡಿಡಿಆರ್4-3200ರ ಒಂದು ಮಾಡ್ಯೂಲ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸುತ್ತದೆ. ಎರಡು ಸ್ಲಾಟ್‌ಗಳೂ ತುಂಬಿ ಡ್ಯುಯಲ್ ಚಾನೆಲ್ ಆದಾಗ, ಅಂದರೆ ಎರಡು ಹಾದಿಗಳು ಒಟ್ಟಿಗೆ ಕೆಲಸ ಮಾಡಿದಾಗ, ಅದು 51.2 ಜಿಬಿ ಆಗುತ್ತದೆ. ಪತ್ರ ಬರೆಯುವಾಗ, ಜಾಲತಾಣ ನೋಡುವಾಗ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಚಿತ್ರಗಳನ್ನೆಲ್ಲ ಇದೇ ಹಾದಿಯಲ್ಲಿ ತರಿಸಿಕೊಳ್ಳಬೇಕಾದ್ದರಿಂದ, ಒಂಟಿ ಮಾಡ್ಯೂಲಿನಲ್ಲಿ ಮುಗ್ಗರಿಸುತ್ತಿದ್ದ ಆಟ ಜೋಡಿ ಮಾಡ್ಯೂಲಿನಲ್ಲಿ ಸರಾಗವಾಗಿ ಓಡುವುದುಂಟು. ಇಂಟೆಲ್ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಮೆಮೊರಿ ಡ್ಯುಯಲ್ ಚಾನೆಲ್‌ನಲ್ಲಿ ಇಲ್ಲದಿದ್ದರೆ ಅದೇ ಚಿಪ್ ಯುಎಚ್‌ಡಿ ಗ್ರಾಫಿಕ್ಸ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ, ಎರಡನೆಯ ಮಾಡ್ಯೂಲ್ ಹಾಕಿದ ಮೇಲೆ ಐರಿಸ್ ಎಕ್ಸ್‌ಇ ಆಗುತ್ತದೆ. ಸ್ವಂತ ಗ್ರಾಫಿಕ್ಸ್ ಚಿಪ್ ಇಲ್ಲದ ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯ ಗ್ರಾಫಿಕ್ಸ್ ಸುಧಾರಣೆ ಬೇರೊಂದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

8 ಜಿಬಿ ಬೋರ್ಡಿಗೆ ಬೆಸೆದಿದ್ದು ಒಂದೇ ಸ್ಲಾಟ್ ಖಾಲಿಯಿರುವ ಯಂತ್ರಗಳ ಬಗ್ಗೆ ಅನೇಕರಿಗೆ ಅನುಮಾನವಿರುತ್ತದೆ. ಅಲ್ಲಿಗೆ 8 ಜಿಬಿ ಹಾಕಿದರೆ 16 ಜಿಬಿಯೂ ಡ್ಯುಯಲ್ ಚಾನೆಲ್ ಆಗುತ್ತದೆ. 16 ಜಿಬಿ ಹಾಕಿದರೆ ಮೊದಲ 16 ಜಿಬಿ ಡ್ಯುಯಲ್ ಚಾನೆಲ್‌ನಲ್ಲೂ ಉಳಿದ 8 ಜಿಬಿ ಒಂಟಿ ಚಾನೆಲ್‌ನಲ್ಲೂ ಓಡುತ್ತವೆ. ಇಂಟೆಲ್ ಇದನ್ನು ಫ್ಲೆಕ್ಸ್ ಮೋಡ್ ಎನ್ನುತ್ತದೆ. ಇದರಲ್ಲಿ ನಷ್ಟವೇನಿಲ್ಲ, ದೊಡ್ಡ ಕಡತಗಳೊಡನೆ ಕೆಲಸ ಮಾಡುವವರು ಧಾರಾಳವಾಗಿ 16ನ್ನೇ ಆರಿಸಬಹುದು. ಒಟ್ಟು ಎಷ್ಟು ಬೇಕು ಎಂದರೆ, ಇಂದಿನ ಸಾಮಾನ್ಯ ಬಳಕೆಗೆ 16 ಜಿಬಿ ನೆಮ್ಮದಿಯ ಮಟ್ಟ. ವಿಡಿಯೊ ಸಂಕಲನ, ವರ್ಚುವಲ್ ಮಷೀನ್, ಮೂರು ಆಯಾಮದ ವಿನ್ಯಾಸ ಇದ್ದರೆ 32 ಜಿಬಿ. ಗರಿಷ್ಠ ಮಿತಿಯನ್ನು ತಯಾರಕರ ಮ್ಯಾನ್ಯುಯಲ್‌ನಲ್ಲಿಯೂ ಪ್ರೊಸೆಸರ್ ತಯಾರಕರ ವಿವರಪಟ್ಟಿಯಲ್ಲಿಯೂ ನೋಡಿ. ವಿಂಡೋಸ್ ಇನ್ನೂ 32 ಬಿಟ್ ಆವೃತ್ತಿಯದ್ದಾಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಉಪಯೋಗವಿಲ್ಲ. ಮೊದಲು 64 ಬಿಟ್ ಆವೃತ್ತಿಗೆ ಬದಲಾಗಬೇಕು.

ಯಂತ್ರ ಬಿಚ್ಚಿ ಮೆಮೊರಿ ಕೂರಿಸುವುದು

ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ಡಿಸ್ಕನ್ನು ಗೂಢಲಿಪಿಯಲ್ಲಿ ಕಾಪಾಡುವ ವಿಂಡೋಸ್‌ನ ಬಿಟ್‌ಲಾಕರ್ ಬಳಕೆಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಬಯಾಸ್‌ನಲ್ಲಿ (ಯಂತ್ರ ಚಾಲೂ ಆದಾಗ ಮೊದಲು ಓಡುವ ಮೂಲ ತಂತ್ರಾಂಶ) ಏನಾದರೂ ಬದಲಾದರೆ ಮುಂದಿನ ಬಾರಿ ಯಂತ್ರ ಅದನ್ನು ಕೇಳಬಹುದು. ಬಯಾಸ್‌ನ ಹೊಸ ಆವೃತ್ತಿ ಬಂದಿದ್ದರೆ ಹಳೆಯ ಮೆಮೊರಿ ಇರುವಾಗಲೇ ಅದನ್ನು ಹಾಕಿಕೊಳ್ಳುವುದು ಜಾಣತನ. ಹೊಸ ಮಾಡ್ಯೂಲ್‌ಗಳ ಹೊಂದಾಣಿಕೆ ಎಷ್ಟೋ ಸಲ ಅಂಥ ಆವೃತ್ತಿಗಳಲ್ಲಿಯೇ ಸುಧಾರಿಸಿರುತ್ತದೆ.

ಉಪಕರಣಗಳು ಹೆಚ್ಚೇನೂ ಬೇಡ. ಫಿಲಿಪ್ಸ್ ಸೊನ್ನೆ ಅಳತೆಯ ಸ್ಕ್ರೂಡ್ರೈವರ್, ಕೆಲವು ಮಾದರಿಗಳಿಗೆ ಟಾರ್ಕ್ಸ್ ಟಿ5, ಅಂಚು ಬಿಡಿಸಲು ಪ್ಲಾಸ್ಟಿಕ್ಕಿನ ಚಪ್ಪಟೆ ಸಾಧನ, ತಿರುಪು ಇಡಲು ಒಂದು ತಟ್ಟೆ ಸಾಕು. ಲೋಹದ ಚಾಕು, ಕತ್ತರಿ ತುದಿ ಬಳಸಬೇಡಿ. ಸ್ಥಿರ ವಿದ್ಯುತ್ ಮೆಮೊರಿ ಚಿಪ್‌ಗೆ ಹಾನಿ ಮಾಡಬಲ್ಲದು. ಮಣಿಕಟ್ಟಿನ ಆಂಟಿಸ್ಟ್ಯಾಟಿಕ್ ಪಟ್ಟಿ ಇದ್ದರೆ ಉತ್ತಮ, ಇಲ್ಲದಿದ್ದರೆ ನೆಲಹಾಸು ಇಲ್ಲದ ಕೋಣೆಯಲ್ಲಿ ಮರದ ಮೇಜಿನ ಮೇಲೆ ಕೆಲಸ ಮಾಡುತ್ತ, ಭೂಸಂಪರ್ಕ ಇರುವ ಯಾವುದಾದರೂ ಬಣ್ಣವಿಲ್ಲದ ಲೋಹವನ್ನು ಆಗಾಗ ಮುಟ್ಟುತ್ತಿರಿ.

ಯಂತ್ರವನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿ. ಸ್ಲೀಪ್ ಅಥವಾ ಹೈಬರ್ನೇಟ್ ಸಾಲದು. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಆರಿಸಿದರೆ ಫಾಸ್ಟ್ ಸ್ಟಾರ್ಟಪ್ ಅಡ್ಡ ಬರುವುದಿಲ್ಲ. ಚಾರ್ಜರ್ ಮತ್ತು ಇತರ ಎಲ್ಲ ತಂತಿಗಳನ್ನು ತೆಗೆಯಿರಿ. ಥಿಂಕ್‌ಪ್ಯಾಡ್‌ನಂಥ ಕೆಲವು ಯಂತ್ರಗಳ ಬಯಾಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯೇ ಇರುತ್ತದೆ. ಇದ್ದರೆ ಅದನ್ನು ಬಳಸಿ, ಚಾರ್ಜರ್ ಮತ್ತೆ ಹಾಕಿದಾಗ ಬ್ಯಾಟರಿ ತಾನಾಗಿಯೇ ಸಕ್ರಿಯವಾಗುತ್ತದೆ.

ಬಟ್ಟೆಯ ಮೇಲೆ ಯಂತ್ರವನ್ನು ಕವುಚಿಟ್ಟು ತಳದ ತಿರುಪುಗಳನ್ನು ಬಿಚ್ಚಿ, ಅವು ಇದ್ದ ಜಾಗದ ಕ್ರಮದಲ್ಲಿಯೇ ತಟ್ಟೆಯಲ್ಲಿ ಇಡಿ. ಉದ್ದದ ತಿರುಪನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅದು ಬೋರ್ಡಿಗೇ ಚುಚ್ಚಬಹುದು. ರಬ್ಬರ್ ಪಾದದ ಕೆಳಗೆ ಅಡಗಿದ ತಿರುಪುಗಳೂ ಇರುತ್ತವೆ; ತಳ ಒಂದು ಕಡೆ ಮೇಲೆದ್ದು ಇನ್ನೊಂದು ಕಡೆ ಏಳದಿದ್ದರೆ ಬಲ ಹಾಕದೆ ಮ್ಯಾನ್ಯುಯಲ್ ನೋಡಿ. ತಿರುಪು ತೆಗೆದ ಮೇಲೆ ಹಿಂಜಿನ ಹತ್ತಿರದ ಮೂಲೆಯಿಂದ ಪ್ಲಾಸ್ಟಿಕ್ ಸಾಧನವನ್ನು ತೂರಿಸಿ ಅಂಚಿನುದ್ದಕ್ಕೂ ಸರಿಸುತ್ತ ಬಂದರೆ ಒಳಗಿನ ಕೊಕ್ಕೆಗಳು ಒಂದೊಂದಾಗಿ ಬಿಡುತ್ತವೆ. ಕೆಲವು ಮಾದರಿಗಳಲ್ಲಿ ತಳಕ್ಕೂ ಬೋರ್ಡಿಗೂ ರಿಬ್ಬನ್ ಕೇಬಲ್ ಇರುತ್ತದಾದ್ದರಿಂದ ತಳವನ್ನು ಒಮ್ಮೆಲೇ ಎಳೆಯಬೇಡಿ.

ಒಳಗೆ ಕೈ ಹಾಕುವ ಮುನ್ನ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರನ್ನು ಬಿಡಿಸುವುದು. ತಂತಿಯನ್ನು ಹಿಡಿದು ಎಳೆಯದೆ ಕನೆಕ್ಟರಿನ ಎರಡೂ ಬದಿಯನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹೊರತೆಗೆಯಿರಿ, ಬಳಿಕ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಅದನ್ನು ಒತ್ತದೆ, ಚುಚ್ಚದೆ, ತಿಳಿದವರಿಂದ ಬದಲಿಸಿಕೊಂಡ ನಂತರವೇ ಮುಂದುವರಿಯಬೇಕು.

ಮೆಮೊರಿ ಸ್ಲಾಟ್‌ಗಳ ಮೇಲೆ ಕೆಲವೊಮ್ಮೆ ಲೋಹದ ಮುಚ್ಚಳವೋ ಕಪ್ಪು ಹಾಳೆಯೋ ಇರುತ್ತದೆ. ಅದನ್ನು ಎತ್ತಿದರೆ ಮಾಡ್ಯೂಲಿನ ಎರಡು ಬದಿಯಲ್ಲಿ ಸಣ್ಣ ಕೊಕ್ಕೆಗಳು ಕಾಣುತ್ತವೆ. ಎರಡನ್ನೂ ಏಕಕಾಲಕ್ಕೆ ಹೊರಮುಖವಾಗಿ ಸರಿಸಿದಾಗ ಹಳೆಯ ಮಾಡ್ಯೂಲ್ ತಾನೇ ಓರೆಯಾಗಿ ಮೇಲೇಳುತ್ತದೆ, ಆಗ ಅದೇ ಓರೆಯಲ್ಲಿ ಹೊರಗೆಳೆಯಿರಿ. ಹೊಸದನ್ನು ಅಂಚುಗಳಲ್ಲಿ ಮಾತ್ರ ಹಿಡಿಯಿರಿ. ಚಿನ್ನದ ಬಣ್ಣದ ಸಂಪರ್ಕಗಳಿಗೆ ಬೆರಳು ತಾಗಬಾರದು. ಕಚ್ಚನ್ನು ಸ್ಲಾಟಿನೊಳಗಿನ ಉಬ್ಬಿಗೆ ಹೊಂದಿಸಿ, ಸುಮಾರು 30 ಡಿಗ್ರಿ ಓರೆಯಲ್ಲಿ ಒಳತಳ್ಳಿ. ಇಲ್ಲಿ ಒಂದು ಕ್ಷಣ ನಿಂತು ನೋಡಿ: ಚಿನ್ನದ ಸಂಪರ್ಕಗಳು ಬಹುತೇಕ ಒಳಗೆ ಮರೆಯಾಗಿ, ಕಂಡರೂ ಕೂದಲೆಳೆಯಷ್ಟು ಮಾತ್ರ, ಅದೂ ಎರಡು ತುದಿಯಲ್ಲಿ ಒಂದೇ ಸಮನಾಗಿ ಕಾಣಬೇಕು. ಒಂದು ತುದಿಯಲ್ಲಿ ಹೆಚ್ಚು ಕಂಡರೆ ಮಾಡ್ಯೂಲ್ ಓರೆಯಾಗಿ ಕೂತಿದೆ, ತೆಗೆದು ಮತ್ತೆ ಹಾಕಿ. ಸರಿಯಾಗಿದ್ದರೆ ಮೇಲಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ; ಎರಡೂ ಕೊಕ್ಕೆಗಳು ಟಕ್ಕೆಂದು ಸದ್ದು ಮಾಡಿ ಮಾಡ್ಯೂಲಿನ ಬದಿಯ ಅರ್ಧವೃತ್ತದ ಕಚ್ಚುಗಳಲ್ಲಿ ಸೇರಿಕೊಳ್ಳುತ್ತವೆ. ಹೊಸ ಮೆಮೊರಿ ಏಳದಿರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಪೂರ್ತಿ ಒಳಹೋಗದ ಮಾಡ್ಯೂಲ್. ಒಳತಳ್ಳುವ ಹಂತಕ್ಕೆ ಬೇಕಾದ ಬಲ ಹೊಸಬರು ಅಂದುಕೊಂಡದ್ದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ತಳ ಮುಚ್ಚುವ ಮುನ್ನ ಫ್ಯಾನಿನ ರೆಕ್ಕೆಗಳಲ್ಲಿ ಧೂಳಿದ್ದರೆ, ರೆಕ್ಕೆ ತಿರುಗದಂತೆ ಬೆರಳಿನಿಂದ ತಡೆದು ಗಾಳಿ ಊದಿ ಸ್ವಚ್ಛ ಮಾಡಿ. ಅನಂತರ ಬ್ಯಾಟರಿಯ ಕನೆಕ್ಟರ್ ಹಾಕಿ, ತಳವನ್ನು ಕೂರಿಸಿ, ತಿರುಪುಗಳನ್ನು ಬಿಗಿಯಿರಿ.

ಮೊದಲ ಬಾರಿ ಚಾಲೂ ಮಾಡಿದಾಗ

ಚಾರ್ಜರ್ ಹಾಕಿ ಯಂತ್ರವನ್ನು ಚಾಲೂ ಮಾಡಿ, ಪರದೆ ಕಪ್ಪಾಗಿಯೇ ಇದ್ದರೂ ಗಾಬರಿಯಾಗದೆ ಕಾಯಿರಿ. ಹೊಸ ಮೆಮೊರಿಯನ್ನು ಕಂಡ ಬಯಾಸ್ ಅದರ ವೇಗ ಮತ್ತು ಸಮಯಗಳನ್ನು ಹೊಂದಿಸಿಕೊಳ್ಳುತ್ತದೆ. ಡಿಡಿಆರ್5 ಯಂತ್ರಗಳಲ್ಲಿ ಇದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ಈ ನಡುವೆ ಪವರ್ ಬಟನ್ ಒತ್ತಿ ನಿಲ್ಲಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹತ್ತು ನಿಮಿಷವಾದರೂ ಏನೂ ಕಾಣದಿದ್ದರೆ ಮತ್ತೆ ಬ್ಯಾಟರಿ ಬಿಡಿಸಿ, ಮಾಡ್ಯೂಲ್‌ಗಳನ್ನು ತೆಗೆದು ಹೊಸದಾಗಿ ಕೂರಿಸಿ. ಆಗಲೂ ಏಳದಿದ್ದರೆ ಒಂದೊಂದೇ ಮಾಡ್ಯೂಲನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡಬೇಕು. ಒಂದು ಮಾಡ್ಯೂಲ್ ಯಾವ ಸ್ಲಾಟಿನಲ್ಲೂ ಏಳದಿದ್ದರೆ ದೋಷ ಅದರದ್ದು. ಯಾವ ಮಾಡ್ಯೂಲ್ ಹಾಕಿದರೂ ಒಂದು ಸ್ಲಾಟ್ ಸ್ಪಂದಿಸದಿದ್ದರೆ ದೋಷ ಸ್ಲಾಟಿನದ್ದು. ಯಂತ್ರ ಬೀಪ್ ಮಾಡುತ್ತಿದ್ದರೆ ಅಥವಾ ದೀಪ ಮಿನುಗುತ್ತಿದ್ದರೆ ಆ ಎಣಿಕೆಯ ಅರ್ಥ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ವಿಂಡೋಸ್ ತೆರೆದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಮೆಮೊರಿ ಮತ್ತು ವೇಗವನ್ನು, ಸಿಪಿಯು-ಝಡ್‌ನಲ್ಲಿ ಚಾನೆಲ್‌ಗಳನ್ನು ಪರೀಕ್ಷಿಸಿ. ಡಿಡಿಆರ್5ರ ಪ್ರತಿ ಮಾಡ್ಯೂಲ್ ಒಳಗೇ 32 ಬಿಟ್‌ನ ಎರಡು ಉಪಚಾನೆಲ್‌ಗಳಾಗಿ ವಿಭಜಿತವಾಗಿರುವುದರಿಂದ ಅಲ್ಲಿ 2×32 ಎಂದು ಕಂಡರೆ ಅದು ಒಂಟಿ ಮಾಡ್ಯೂಲೇ. ಜೋಡಿಯಾಗಿದ್ದರೆ 4×32 ಎಂದಿರಬೇಕು. ಇದಾದ ಮೇಲೆ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಯುಎಸ್‌ಬಿ ಡ್ರೈವ್‌ನಿಂದ ಚಾಲೂ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ತೋರಿದರೂ ಆ ಮಾಡ್ಯೂಲನ್ನು ಹಿಂದಿರುಗಿಸಬೇಕು. ದೋಷವಿರುವ ಮೆಮೊರಿ ಕೂಡಲೇ ಯಂತ್ರವನ್ನು ನಿಲ್ಲಿಸದೆ ನಿಮ್ಮ ಕಡತಗಳನ್ನು ಸದ್ದಿಲ್ಲದೆ ಕೆಡಿಸುತ್ತ ಹೋಗುತ್ತದೆ. ಹಳೆಯ ಮಾಡ್ಯೂಲನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಜೋಪಾನವಾಗಿಡಿ, ವಾರಂಟಿ ದುರಸ್ತಿಗೆ ಹೋಗುವಾಗ ಯಂತ್ರವನ್ನು ಮೂಲ ಸ್ಥಿತಿಗೆ ತರಲು ಅದು ಬೇಕಾಗುತ್ತದೆ.

ಇರುವ ಗ್ರಾಫಿಕ್ಸ್‌ನಿಂದ ಪೂರ್ತಿ ಕೆಲಸ ತೆಗೆಯುವುದು

ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ, ವಿಶೇಷವಾಗಿ ಎಎಂಡಿಯವುಗಳಲ್ಲಿ, ಬಯಾಸ್‌ನೊಳಗೆ ಯುಎಂಎ ಫ್ರೇಮ್ ಬಫರ್ ಎಂಬ ಆಯ್ಕೆ ಇರಬಹುದು. ಗ್ರಾಫಿಕ್ಸ್‌ಗೆಂದು ಕಾದಿರಿಸುವ ಮೆಮೊರಿಯನ್ನು ಅದು ನಿಗದಿಪಡಿಸುತ್ತದೆ. ಕನಿಷ್ಠ ಗ್ರಾಫಿಕ್ಸ್ ಮೆಮೊರಿ ಇಲ್ಲವೆಂದು ಆಟವೊಂದು ತೆರೆಯಲು ನಿರಾಕರಿಸಿದಾಗ ಇದು ನೆರವಾಗುತ್ತದೆ. ಆದರೆ ಕಾದಿರಿಸಿದಷ್ಟು ಮೆಮೊರಿ ಉಳಿದ ಕೆಲಸಗಳಿಗೆ ಸಿಗುವುದಿಲ್ಲವಾದ್ದರಿಂದ 8 ಜಿಬಿ ಯಂತ್ರದಲ್ಲಿ ಇದನ್ನು ಹೆಚ್ಚಿಸುವುದು ತರವಲ್ಲ. ಹೇಗೂ ಗ್ರಾಫಿಕ್ಸ್‌ಗೆ ಅಗತ್ಯ ಬಿದ್ದಾಗ ವಿಂಡೋಸ್ ಒಟ್ಟು ಮೆಮೊರಿಯ ಸುಮಾರು ಅರ್ಧದವರೆಗೆ ಹಂಚಿಕೊಳ್ಳಲು ಬಿಡುತ್ತದೆ.

ಸ್ವಂತ ಗ್ರಾಫಿಕ್ಸ್ ಚಿಪ್ ಇರುವ ಯಂತ್ರಗಳಲ್ಲಿ ಆಟ ಅಥವಾ ತಂತ್ರಾಂಶ ನಿಜವಾಗಿಯೂ ಅದನ್ನೇ ಬಳಸುತ್ತಿದೆಯೇ ಎಂದು ಮೊದಲು ನೋಡಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ, ಆ ತಂತ್ರಾಂಶವನ್ನು ಹೈ ಪರ್ಫಾರ್ಮೆನ್ಸ್‌ಗೆ ನಿಗದಿ ಮಾಡಬಹುದು. ಮಕ್ಸ್ ಸ್ವಿಚ್ ಇದ್ದರೆ ಚಿತ್ರ ಪ್ರೊಸೆಸರಿನ ಗ್ರಾಫಿಕ್ಸ್ ಮೂಲಕ ಸುತ್ತಿ ಬರದೆ ನೇರವಾಗಿ ಪರದೆಗೆ ಹೋಗುವಂತೆ ಮಾಡಬಹುದು. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆಟ ವೇಗ ಪಡೆಯುತ್ತದೆ.

ಇಲ್ಲಿ ವಿದ್ಯುತ್ತಿನ ಪಾತ್ರವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್‌ಗೆ ಎನ್‌ವಿಡಿಯಾ ನಿಗದಿ ಮಾಡಿರುವ ವಿದ್ಯುತ್ ಮಿತಿ 35ರಿಂದ 115 ವ್ಯಾಟ್‌ವರೆಗೆ ಹಬ್ಬಿದೆ. ಒಂದೇ ಹೆಸರಿನ ಚಿಪ್ ತೆಳುವಾದ ಯಂತ್ರದಲ್ಲಿ ಒಂದು ರೀತಿ, ದಪ್ಪ ಯಂತ್ರದಲ್ಲಿ ಮತ್ತೊಂದು ರೀತಿ ಓಡಲು ಇದೇ ಕಾರಣ. ಆದ್ದರಿಂದ ಜೊತೆಗೆ ಬಂದ ಮೂಲ ಚಾರ್ಜರನ್ನೇ ಬಳಸಿ, ತಯಾರಕರ ತಂತ್ರಾಂಶದಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ. ಕಡಿಮೆ ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರಿನಲ್ಲಿ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಶಾಖದ್ದೂ ಇದೇ ಕಥೆ. ಕೆಲವು ವರ್ಷ ಬಳಸಿದ ಯಂತ್ರದಲ್ಲಿ, ಚಿಪ್‌ನ ಶಾಖವನ್ನು ಹೀಟ್‌ಸಿಂಕ್ ಎಂಬ ಲೋಹದ ಭಾಗಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹೀಟ್‌ಸಿಂಕಿನ ಮೇಲೆ ತಿರುಪುಗಳ ಪಕ್ಕ ಅಂಕಿಗಳಿರುತ್ತವೆ. ಬಿಚ್ಚುವಾಗ ಇಳಿಕೆಯ ಕ್ರಮದಲ್ಲಿ, ಬಿಗಿಯುವಾಗ ಏರಿಕೆಯ ಕ್ರಮದಲ್ಲಿ, ಎಲ್ಲವನ್ನೂ ಸ್ವಲ್ಪಸ್ವಲ್ಪವೇ ತಿರುಗಿಸಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ಗ್ರಾಫಿಕ್ಸ್ ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್‌ಗೆ ತಾಗದೆ ಹೋಗುತ್ತದೆ. ಚಿಪ್‌ನ ಮೇಲೆ ಬೆಳ್ಳಿಯಂತೆ ಹೊಳೆಯುವ ದ್ರವಲೋಹ ಕಂಡರೆ ಅದು ವಿದ್ಯುದ್ವಾಹಕ ಎಂಬುದನ್ನು ಮರೆಯಬೇಡಿ. ಅನುಭವವಿಲ್ಲದವರು ಅದಕ್ಕೆ ಕೈ ಹಚ್ಚದಿರುವುದೇ ಒಳಿತು.

ಹೊರಗಿನ ಗ್ರಾಫಿಕ್ಸ್ ಕಾರ್ಡ್

ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡನ್ನು ಸ್ವಂತ ವಿದ್ಯುತ್ ಪೂರೈಕೆಯಿರುವ ಪೆಟ್ಟಿಗೆಯಲ್ಲಿಟ್ಟು ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸುವುದನ್ನು ಇಜಿಪಿಯು ಎನ್ನುತ್ತಾರೆ. ಇದಕ್ಕೆ ಥಂಡರ್‌ಬೋಲ್ಟ್ 3 ಅಥವಾ ಅದಕ್ಕಿಂತ ಹೊಸ ಪೋರ್ಟ್ ಬೇಕು. ಯುಎಸ್‌ಬಿ-ಸಿ ಪೋರ್ಟಿನ ಆಕಾರವೂ ಅದೇ ಆಗಿರುವುದರಿಂದ ಪಕ್ಕದಲ್ಲಿ ಮಿಂಚಿನ ಗುರುತಿದೆಯೇ ಎಂದು ನೋಡಿ, ವಿವರಪಟ್ಟಿಯಲ್ಲಿಯೂ ಖಚಿತಪಡಿಸಿಕೊಳ್ಳಿ. ಯುಎಸ್‌ಬಿ4 ಪೋರ್ಟ್‌ಗಳಲ್ಲಿ ಕೆಲವು ಮಾತ್ರ ಇದಕ್ಕೆ ಒದಗುತ್ತವೆ. ಆ್ಯಪಲ್‌ನ ಎಂ ಸರಣಿಯ ಮ್ಯಾಕ್‌ಗಳಲ್ಲಿ ಥಂಡರ್‌ಬೋಲ್ಟ್ ಇದ್ದರೂ ಇಜಿಪಿಯು ಬೆಂಬಲವಿಲ್ಲ.

ಥಂಡರ್‌ಬೋಲ್ಟ್ 3 ಮತ್ತು 4ರ ಒಟ್ಟು ವೇಗ ಸೆಕೆಂಡಿಗೆ 40 ಗಿಗಾಬಿಟ್. ಅದರಲ್ಲಿ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 32 ಗಿಗಾಬಿಟ್‌ನ ನಾಲ್ಕು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು, ಅಂದರೆ ಕಾರ್ಡಿಗೂ ಯಂತ್ರಕ್ಕೂ ನಡುವೆ ದತ್ತಾಂಶ ಸಾಗುವ ಹಾದಿಗಳು. ಡೆಸ್ಕ್‌ಟಾಪಿನಲ್ಲಿ ಅದೇ ಕಾರ್ಡಿಗೆ ಎಂಟೋ ಹದಿನಾರೋ ಲೇನ್ ಸಿಗುತ್ತವೆ. ಹೀಗಿರುವಾಗ ಅತಿ ದುಬಾರಿ ಕಾರ್ಡ್ ಕೊಂಡು ಇಲ್ಲಿ ಹಾಕುವುದು ಸರಿಯಲ್ಲ, ಮಧ್ಯಮ ದರ್ಜೆಯದ್ದೇ ತಕ್ಕ ಆಯ್ಕೆ. ಬೇರೆ ಮಾನಿಟರನ್ನು ನೇರವಾಗಿ ಕಾರ್ಡಿಗೆ ಜೋಡಿಸಿ. ಲ್ಯಾಪ್‌ಟಾಪಿನ ಪರದೆಯನ್ನೇ ಬಳಸಿದರೆ ಚಿತ್ರ ಅದೇ ಕೇಬಲ್ಲಿನಲ್ಲಿ ಹಿಂದಿರುಗಬೇಕಾಗಿ ವೇಗ ಇನ್ನಷ್ಟು ಕುಸಿಯುತ್ತದೆ. ಪೆಟ್ಟಿಗೆಯ ಜೊತೆ ಬಂದ ಕೇಬಲ್ ಬಿಟ್ಟು ಬೇರೆ ಉದ್ದದ್ದನ್ನು ಹಾಕಬೇಡಿ.

ಜೋಡಿಸುವ ಕ್ರಮ ಹೀಗಿದೆ. ಪೆಟ್ಟಿಗೆಯ ವಿದ್ಯುತ್ ತೆಗೆದಿಟ್ಟು ಕಾರ್ಡನ್ನು ಕೂರಿಸಿ, ಅದರ ವಿದ್ಯುತ್ ಕನೆಕ್ಟರ್‌ಗಳನ್ನು ಹಾಕಿ, ಮಾನಿಟರ್ ಜೋಡಿಸಿ, ಬಳಿಕ ಪೆಟ್ಟಿಗೆಯನ್ನು ಚಾಲೂ ಮಾಡಿ. ವಿಂಡೋಸ್ ತೆರೆದಿರುವಾಗ ಥಂಡರ್‌ಬೋಲ್ಟ್ ಕೇಬಲ್ ಹಾಕಿದರೆ ಅನುಮತಿ ಕೇಳುವ ಸಂದೇಶ ಬರುತ್ತದೆ, ಸದಾ ಜೋಡಿಸು ಎಂಬುದನ್ನು ಆರಿಸಿ. ಕಾರ್ಡಿನ ತಯಾರಕರ ಜಾಲತಾಣದಿಂದ ಡ್ರೈವರ್ ಹಾಕಿಕೊಂಡು ಯಂತ್ರವನ್ನು ಮರುಚಾಲನೆ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಮೇಲೆ ಹಳದಿ ಗುರುತೂ ಕೋಡ್ 12 ಎಂಬ ಸಂದೇಶವೂ ಕಂಡರೆ, ಕಾರ್ಡಿಗೆ ಬೇಕಾದ ಸಂಪನ್ಮೂಲ ವ್ಯವಸ್ಥೆಯಲ್ಲಿ ಉಳಿದಿಲ್ಲ ಎಂದರ್ಥ. ಒಳಗಿನ ಸ್ವಂತ ಗ್ರಾಫಿಕ್ಸ್ ಚಿಪ್‌ ಅನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸಿ ಮರುಚಾಲನೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಕ್ಯುಲಿಂಕ್ ಎಂಬ ಇನ್ನೊಂದು ಜೋಡಣೆ ಪಿಸಿಐ ಎಕ್ಸ್‌ಪ್ರೆಸ್ 4.0ರ ನಾಲ್ಕು ಲೇನ್‌ಗಳನ್ನು, ಅಂದರೆ 64 ಗಿಗಾಬಿಟ್ ವೇಗವನ್ನು, ನೇರವಾಗಿ ಕಾರ್ಡಿಗೆ ಕೊಡುತ್ತದೆ. ಪೋರ್ಟ್ ಇಲ್ಲದ ಯಂತ್ರಗಳಲ್ಲಿ ಎಂ.2 ಎಸ್‌ಎಸ್‌ಡಿ ಸ್ಲಾಟಿಗೆ ಅಡಾಪ್ಟರ್ ಹಾಕಿ ಇದನ್ನು ಪಡೆಯುವವರಿದ್ದಾರೆ. ವೇಗ ಚೆನ್ನಾಗಿದೆ, ಆದರೆ ಒಂದು ಎಸ್‌ಎಸ್‌ಡಿ ಸ್ಲಾಟ್ ಹೋಗುತ್ತದೆ, ಕೇಬಲ್ ಹಾಕುವಾಗಲೂ ತೆಗೆಯುವಾಗಲೂ ಯಂತ್ರ ಪೂರ್ತಿ ಆರಿರಬೇಕು.

ಗ್ರಾಫಿಕ್ಸ್ ಮಾಡ್ಯೂಲನ್ನೇ ಬದಲಿಸಬಲ್ಲ ಯಂತ್ರಗಳು

ಹಳೆಯ ಡೆಲ್ ಪ್ರಿಸಿಷನ್, ಎಚ್‌ಪಿ ಜೆಡ್‌ಬುಕ್, ಕ್ಲೆವೊ ಯಂತ್ರಗಳಲ್ಲಿ ಕೆಲವಕ್ಕೆ ಎಂಎಕ್ಸ್‌ಎಂ ಎಂಬ ಮಾಡ್ಯೂಲ್ ಇರುತ್ತದೆ. ಅದರ ಎ ಬಗೆಯದ್ದು 82×70 ಮಿಲಿಮೀಟರ್, ಬಿ ಬಗೆಯದ್ದು 82×105 ಮಿಲಿಮೀಟರ್. ಸ್ಲಾಟಿಗೆ ಹೊಂದಿದ ಮಾತ್ರಕ್ಕೆ ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲ. ಬಯಾಸ್ ಅದನ್ನು ಗುರುತಿಸಬೇಕು, ಹೀಟ್‌ಸಿಂಕಿನ ರಂಧ್ರಗಳೂ ಎತ್ತರವೂ ಹೊಂದಬೇಕು, ಚಾರ್ಜರಿಗೆ ಅಷ್ಟು ವಿದ್ಯುತ್ ಕೊಡುವ ಶಕ್ತಿ ಇರಬೇಕು. ನಿಮ್ಮ ಮಾದರಿಯನ್ನು ತಯಾರಕರು ಮಾರಿದ ಕಾಲದಲ್ಲಿ ಯಾವ ಯಾವ ಗ್ರಾಫಿಕ್ಸ್ ಆಯ್ಕೆಗಳಿದ್ದವೋ ಅವುಗಳಲ್ಲಿಯೇ ಮೇಲಿನದನ್ನು ಹುಡುಕುವುದು ಕ್ಷೇಮ. ಬದಲಿಸುವ ಮುನ್ನ ಹಳೆಯ ಡ್ರೈವರನ್ನು ಡಿಡಿಯು ತಂತ್ರಾಂಶದಿಂದ ಪೂರ್ತಿ ತೆಗೆದುಹಾಕಿ. ಮಾಡ್ಯೂಲನ್ನು ಮೆಮೊರಿಯಂತೆಯೇ ಓರೆಯಾಗಿ ತೂರಿಸಿ ಕೆಳಗೊತ್ತಿ, ಇಲ್ಲಿ ಕೊಕ್ಕೆಯ ಬದಲು ತಿರುಪುಗಳಿರುತ್ತವೆ.

ಹೊಸ ಯಂತ್ರಗಳ ಪೈಕಿ ಈ ದಾರಿಯನ್ನು ಮತ್ತೆ ತೆರೆದದ್ದು ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16. ಅದರ ಹಿಂಭಾಗದ ಗ್ರಾಫಿಕ್ಸ್ ಮಾಡ್ಯೂಲನ್ನು ಮನೆಯಲ್ಲಿಯೇ ಬದಲಿಸಬಹುದು. ರೇಡಿಯಾನ್ ಆರ್‌ಎಕ್ಸ್ 7700ಎಸ್‌ನೊಂದಿಗೆ ಬಂದ ಯಂತ್ರಕ್ಕೆ 2025ರಲ್ಲಿ ಪ್ರಕಟವಾದ ಆರ್‌ಟಿಎಕ್ಸ್ 5070 ಮಾಡ್ಯೂಲ್ ಕೂಡ ಹೊಂದುತ್ತದೆ. ಮಾಡ್ಯೂಲ್ ಯಾವುದೇ ಇರಲಿ, ಅಳವಡಿಸಿದ ಮೇಲೆ ಭಾರವಾದ ಆಟ ಅಥವಾ ಪರೀಕ್ಷಾ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸುತ್ತ, ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಚಿಪ್‌ನ ತಾಪಮಾನವನ್ನೂ ವ್ಯಾಟ್‌ ಅನ್ನೂ ಗಮನಿಸಿ. ತಾಪಮಾನ ಏರುತ್ತಲೇ ಹೋಗಿ ವ್ಯಾಟ್ ಇಳಿಯುತ್ತಿದ್ದರೆ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ತಾಗಿಲ್ಲ, ಬಿಚ್ಚಿ ಪೇಸ್ಟಿನ ಗುರುತು ಚಿಪ್‌ನ ತುಂಬ ಮೂಡಿದೆಯೇ ಎಂದು ನೋಡಬೇಕು. ತಾಪಮಾನ ತಣ್ಣಗಿದ್ದೂ ವ್ಯಾಟ್ ಏರದಿದ್ದರೆ ಚಾರ್ಜರನ್ನೂ ಪವರ್ ಮೋಡ್ ಅನ್ನೂ ಪರೀಕ್ಷಿಸಿ.